ನಲವತ್ತೊಂದನೇ ಚುಕ್ಕೆ

ಹಾಲು ಕಾಯಲು ಇಟ್ಟು ಅದನ್ನೇ ನೋಡುತ್ತ ನಿಂತಿದ್ದವಳ ಕಣ್ಣೆದುರೇ ಹಾಲು ಉಕ್ಕಿ ಒಲೆ ಆರಿಹೋಯಿತು. ಗ್ಯಾಸಿನ ವಾಸನೆ ಮೂಗಿಗೆ ಬಡಿದಾಗಲೇ ಅವಳಿಗೆ ಎಚ್ಚರವಾದದ್ದು. ಅವಳು ನೋಡುತ್ತಿದ್ದದ್ದು ಹಾಲನ್ನಲ್ಲ, ಒಂದು ಚುಕ್ಕೆಯನ್ನು. ಕಚೇರಿಯ ದೊಡ್ಡ ನಕ್ಷೆಯ ಬಲತುದಿಯಲ್ಲಿ, ಕಂದು ಬಣ್ಣದ ನಡುವೆ, ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಪಕ್ಕದಲ್ಲಿ ಪುಟ್ಟ ಅಂಕಿಯಲ್ಲಿ ನಲವತ್ತೊಂದು. ಒಂಬತ್ತು ದಿನಗಳಿಂದ ಅದು ಅವಳ ಬೆನ್ನು ಬಿಟ್ಟಿರಲಿಲ್ಲ. ಮಗಳ ತಲೆಗೆ ನೀರು ಹೊಯ್ಯುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಗಂಡ ಏನೋ ಹೇಳಿ ನಕ್ಕು ತಾನೂ ನಗಬೇಕಾದಾಗ, ಎಲ್ಲಿಂದಲೋ ಬಂದು ಕಣ್ಣಿಗೆ ಬಿದ್ದ ಧೂಳಿನ ಹಾಗೆ ಕೂತುಬಿಡುತ್ತಿತ್ತು.

ಅವಳು ಒಲೆ ಒರೆಸುತ್ತಿದ್ದಂತೆ ಹೊರಗಿನ ಕೋಣೆಯಿಂದ ಅತ್ತೆ, ತಮ್ಮ ಕನ್ನಡಕವನ್ನು ಹುಡುಕುತ್ತಲೇ, ಮಗನಿಗೆ ಹೇಳಿದ್ದು ಕೇಳಿಸಿತು. "ಚಿಂತೆ ಮಾಡೋಕೆ ಏನೂ ಸಿಗದೇ ಇದ್ರೆ, ಯಾಕೆ ಸಿಗ್ಲಿಲ್ಲ ಅಂತ ಚಿಂತೆ ಮಾಡೋಳು ನಿನ್ನ ಹೆಂಡ್ತಿ."

ಅತ್ತೆ ಹೇಳಿದ್ದು ಸುಳ್ಳೇನೂ ಅಲ್ಲ. ಮೂರು ಮಹಡಿ ಇಳಿದ ಮೇಲೆ ಒಲೆಯ ಗುಬುಟು ತಿರುಗಿಸಿದೆನೋ ಇಲ್ಲವೋ ಎಂದು ಮತ್ತೆ ಮೂರು ಮಹಡಿ ಹತ್ತುವವಳು ಅವಳು. ಮಕ್ಕಳ ಡಾಕ್ಟರ ಫೋನ್ ನಂಬರನ್ನು ಮೂರು ಕಡೆ ಬರೆದಿಟ್ಟಿದ್ದಳು. ಮನೆಯಲ್ಲಿ ಥರ್ಮಾಮೀಟರುಗಳು ಎರಡು. ಒಂದು ಸುಳ್ಳು ಹೇಳಿದರೆ ಇನ್ನೊಂದು ಇರಲಿ ಎಂದು ಅವಳ ವಾದ. ಎರಡೂ ಬೇರೆ ಬೇರೆ ಹೇಳಿದರೆ ಏನು ಮಾಡ್ತೀಯ ಎಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ಕೇಳಿದಾಗ ಅವಳು ಮೂರನೆಯದನ್ನು ಕೊಳ್ಳುವುದರ ಬಗ್ಗೆ ನಿಜವಾಗಿಯೂ ಯೋಚಿಸಿದ್ದಳು.

ಆದರೆ ಸಮೀಕ್ಷೆಯ ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿದ್ದು ಈ ಸ್ವಭಾವದಿಂದಲೇ. ಸಂದರ್ಶನದ ದಿನ ನಿರ್ದೇಶಕರು ಮುಂದಿಟ್ಟ ಪಟ್ಟಿಯಲ್ಲಿದ್ದ ಎರಡು ತಪ್ಪುಗಳನ್ನು ಉಳಿದವರೂ ಹಿಡಿದಿದ್ದರು. ಇವಳು ಮೂರನೆಯದನ್ನೂ ಹಿಡಿದಳು. ಅದು ಅಲ್ಲಿರುವುದು ನಿರ್ದೇಶಕರಿಗೇ ಗೊತ್ತಿರಲಿಲ್ಲ.

ಅವಳು ಬೆಳೆದದ್ದು ಪೇಟೆಯಲ್ಲಿ. ಹೂಕುಂಡದಲ್ಲಿ ಇದ್ದಷ್ಟೇ ಅವಳು ಮನೆಯಲ್ಲಿ ಕಂಡ ಮಣ್ಣು. ಕಾಲೇಜಿನಲ್ಲಿ ಮಣ್ಣನ್ನು ಗಾಜಿನ ಕೊಳವೆಯಲ್ಲಿ ಕಲಕಿ, ಪದರ ಪದರವಾಗಿ ತಳಕ್ಕೆ ಇಳಿಯುವುದನ್ನು ನೋಡಿ ಅಂಕ ಪಡೆದವಳು. ಮೊದಲ ಸಲ ಕುರಿ ಹಿಂಡಿನ ನಡುವೆ ನಿಂತಾಗ ಇವು ಕಚ್ಚುತ್ತವೆಯೇ ಎಂದು ಜೀಪಿನ ಡ್ರೈವರನನ್ನು ಕೇಳಿದ್ದಳು. ನೀವು ಹುಲ್ಲಾಗಿದ್ರೆ ಕಚ್ಚುತ್ವೆ ಮೇಡಂ ಎಂದು ಅವನು ಹೇಳಿದ್ದು ಕಚೇರಿಯಲ್ಲಿ ಒಂದು ವರ್ಷ ಓಡಾಡಿತು. ಈಗ ಅವಳಿಗೆ ಕೊಳ್ಳದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹೆಸರು, ನಕ್ಷೆ ಮೇಡಂ.

ಒಂದು ನದಿಯ ಇಡೀ ಕೊಳ್ಳವನ್ನು ಒಟ್ಟಿಗೆ ಅಳೆದು ನೋಡುವುದು ಅವರ ಕಚೇರಿಯ ಕೆಲಸ. ಕಾಡು ಒಬ್ಬರ ಕೈಯಲ್ಲಿ, ಅಣೆಕಟ್ಟು ಇನ್ನೊಬ್ಬರ ಕೈಯಲ್ಲಿ, ಹಣ್ಣಿನ ತೋಟಗಳು ಒಂದು ಸಂಘದ್ದು, ಹುಲ್ಲುಗಾವಲು ಇನ್ನೊಂದು ಸಂಘದ್ದು. ನೀರು ಮಾತ್ರ ಯಾರನ್ನೂ ಕೇಳದೆ ಎಲ್ಲರ ನೆಲದ ಮೇಲೂ ಹರಿಯುತ್ತದೆ. ಉಪಗ್ರಹದ ಚಿತ್ರಗಳನ್ನು ಜೋಡಿಸಿ, ಎಲ್ಲಿ ಮಣ್ಣು ಕೊಚ್ಚಿಹೋಗುತ್ತಿದೆ, ಎಲ್ಲಿ ನೀರು ಇಂಗುತ್ತಿದೆ, ಎಲ್ಲಿ ಹಸಿರು ಕಳೆದ ವರ್ಷಕ್ಕಿಂತ ಕಡಿಮೆಯಾಗಿದೆ ಎಂದು ಬಣ್ಣ ಹಚ್ಚಬೇಕು. ಚಿತ್ರ ಹೇಳಿದ್ದು ನಿಜವೇ ಎಂದು ತಿಳಿಯಲು ಕೊಳ್ಳದ ಅರವತ್ತೆರಡು ಜಾಗಗಳಿಗೆ ಕಾಲ್ನಡಿಗೆಯಲ್ಲಿ ಹೋಗಿ, ನೆಲ ಮುಟ್ಟಿ, ಹಾಳೆ ತುಂಬಿ, ಸಹಿ ಹಾಕಿ ಬರಬೇಕು. ಆ ಅರವತ್ತೆರಡು ಜಾಗಗಳೇ ನಕ್ಷೆಯ ಕಪ್ಪು ಚುಕ್ಕೆಗಳು.

ಈ ಹಿಂದೆ ಇಂಥ ಎರಡು ಸಮೀಕ್ಷೆಗಳಾಗಿದ್ದವು. ಎರಡೂ ದಪ್ಪ ರಟ್ಟಿನ ಪುಸ್ತಕಗಳಾಗಿ ಕಪಾಟು ಸೇರಿ, ಒಂದನ್ನು ಗೆದ್ದಲು, ಇನ್ನೊಂದನ್ನು ಮರೆವು ತಿಂದಿತ್ತು. ಗೋಡೆ ಅಲಂಕಾರಕ್ಕೆ ನಾವು ಬೇಕಾಗಿಲ್ಲ, ಬಣ್ಣದ ಕಾಗದ ಸಾಕು ಎಂದು ನಿರ್ದೇಶಕರು ಸಿಡುಕಿ, ನೆಲ ನೋಡಿಕೊಳ್ಳುವವರೆಲ್ಲ ಈ ಸಲದ ನಕ್ಷೆಯನ್ನು ಬಳಸುವಂತೆ ಮಾಡುವ ಹೊಣೆಯನ್ನು ಅವಳ ತಲೆಗೆ ಕಟ್ಟಿದರು.

ಒಂದು ವರ್ಷ ಅವಳು ಊರೂರು ಅಲೆದಳು. ಕಾಡಿನವರು ಇದು ತಮ್ಮ ತಪ್ಪು ಹುಡುಕುವ ಉಪಾಯ ಎಂದುಕೊಂಡರು. ಅಣೆಕಟ್ಟಿನವರು ಹೂಳಿನ ಅಂಕಿ ಎಷ್ಟು ಹೇಳಿ, ಮಿಕ್ಕಿದ್ದು ನಮಗೆ ಬೇಡ ಎಂದರು. ತೋಟದ ಸಂಘದ ಅಧ್ಯಕ್ಷರು ಮೂರನೇ ಚಿತ್ರ ಪರದೆಯ ಮೇಲೆ ಬರುವಷ್ಟರಲ್ಲಿ ನಿದ್ದೆ ಹೋದರು. ನಾಲ್ಕು ಸಭೆಗಳಾದ ಮೇಲೆ ಅವಳು ಪರದೆಯನ್ನು ಕಚೇರಿಯಲ್ಲೇ ಬಿಟ್ಟು, ನಕ್ಷೆಯನ್ನು ಹಾಸಿಗೆಯಷ್ಟು ದೊಡ್ಡದಾಗಿ ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಸಭೆಯಲ್ಲಿ ನೆಲಕ್ಕೇ ಹಾಸಿದಳು. ಚಪ್ಪಲಿ ಬಿಟ್ಟು ಬನ್ನಿ, ನಿಮ್ಮ ಮನೆ ಹುಡುಕಿ ಎಂದಳು. ಜನ ಮಂಡಿಯೂರಿ ಕೂತರು. ಇದೇ ನಮ್ಮ ಬಾವಿ, ಇದು ನಮ್ಮ ಮಾವನ ಜಾಗ, ನೋಡು ಇಲ್ಲಿ ತೂಬು ಒಡೆದದ್ದೂ ಕಾಣುತ್ತೆ ಎಂದು ಬೆರಳಿಟ್ಟರು. ತಮ್ಮ ಬಾವಿ ಸಿಕ್ಕಿದ ಮೇಲೆ ಜನಕ್ಕೆ ನಕ್ಷೆ ತಮ್ಮದಾಗುತ್ತದೆ ಎಂದು ಅವಳಿಗೆ ತಿಳಿದದ್ದು ಹಾಗೆ.

ಹೀಗೆ ಅವಳು ಒಲಿಸಿಕೊಂಡವರಲ್ಲಿ ಮೊದಲಿಗರು ಗಿಡ ನೆಡುವ ವಿಭಾಗದ ಅಧಿಕಾರಿ. ಎಲ್ಲರೂ ತೋಪಿನ ಸಾಹೇಬರು ಎನ್ನುತ್ತಿದ್ದ ಈ ಭಾರೀ ಆಸಾಮಿ, ಇಷ್ಟು ದಿನ ಗಿಡ ನೆಡಲು ಜಾಗ ಆರಿಸುತ್ತಿದ್ದದ್ದು ರಸ್ತೆ ಹತ್ತಿರ ಇದೆಯೇ ಎಂದು ನೋಡಿ. ನೆಲದ ಮೇಲೆ ಹಾಸಿದ ನಕ್ಷೆಯ ಸುತ್ತ ಮೂರು ಸುತ್ತು ಬಂದು, ಏದುಸಿರು ಬಿಡುತ್ತ ಕೂತು, ಕಂದು ಬಣ್ಣ ಅಂದ್ರೆ ಬರಡು, ಬರಡು ಅಂದ್ರೆ ನನ್ನ ಗಿಡ, ಅಷ್ಟೇ ತಾನೆ ಎಂದು ಕೇಳಿದ್ದರು. ಅಂತಿಮ ನಕ್ಷೆ ಹೊರಬಿದ್ದ ವಾರದಲ್ಲೇ ಜಾಗ ಆರಿಸಿದರು. ಬಲತುದಿಯ ಕಂದು ತುಂಡು. ನಲವತ್ತು ಸಾವಿರ ಸಸಿ, ಗುಂಡಿ ತೋಡಲು ಯಂತ್ರ, ಸೋಮವಾರ ಆರಂಭ. ಕಪಾಟಿನಿಂದ ಹೊರಬಂದು ಕೆಲಸಕ್ಕೆ ನಿಂತ ಮೊದಲ ಸಮೀಕ್ಷೆ ಇದು ಎಂದು ನಿರ್ದೇಶಕರು ಇಡೀ ಕಚೇರಿಗೆ ಚಹಾ ತರಿಸಿದರು.

ಆ ಕಂದು ತುಂಡಿನ ನಟ್ಟನಡುವೆ ಇದ್ದದ್ದು ನಲವತ್ತೊಂದನೇ ಚುಕ್ಕೆ. ಅರವತ್ತೆರಡರಲ್ಲಿ ಅರವತ್ತೊಂದು ಚುಕ್ಕೆಗಳಿಗೆ ಅವಳು ನಡೆದು ಹೋಗಿದ್ದಳು. ಇದೊಂದಕ್ಕೆ ಹೋಗಿರಲಿಲ್ಲ.

ಏಳು ವಾರಗಳ ಹಿಂದಿನ ಮಾತು. ಆ ದಿನ ಬೆಳಿಗ್ಗೆ ಮಗಳ ಮೈ ಬೆಚ್ಚಗಿತ್ತು. ಒಂದು ಥರ್ಮಾಮೀಟರು ನೂರಾ ಒಂದು ಎಂದರೆ ಇನ್ನೊಂದು ನೂರಾ ಎರಡು ಎಂದಿತು. ಅತ್ತೆ ನೀನು ಹೋಗು, ನಾನೂ ಒಬ್ಬನ್ನ ಬೆಳೆಸಿದೀನಿ ಎಂದು ಕಳಿಸಿದ್ದರು. ಜೀಪು ಗುಡ್ಡದ ತಿರುವಿನ ಮೋರಿಯ ಹತ್ತಿರ ಬಂದಾಗ ಅತ್ತೆಯ ಫೋನು, ಮಗು ಒಂದು ಸಲ ವಾಂತಿ ಮಾಡಿತು, ಗಾಬರಿ ಆಗಬೇಡ. ಗಾಬರಿ ಆಗಬೇಡ ಎಂಬ ಮಾತನ್ನು ಕೇಳಿ ಅವಳು ಗಾಬರಿಯಾಗದ ದಿನವೇ ಇಲ್ಲ. ಮೋರಿಯ ಮೇಲೆ ನಿಂತು ಕೆಳಗೆ ನೋಡಿದಳು. ಒಂದೂವರೆ ಕಿಲೋಮೀಟರು ದೂರದಲ್ಲಿ ಹರಡಿದ್ದ ಬಯಲು, ಒಣ ರೊಟ್ಟಿಯ ಹಾಗೆ ಕಂದು. ಎಲ್ಲೂ ಹಸಿರಿಲ್ಲ. ಉಪಗ್ರಹದ ಚಿತ್ರವೂ ಅದನ್ನೇ ಹೇಳಿತ್ತು. ಹಾಳೆಯನ್ನು ಜೀಪಿನ ಮೂತಿಯ ಮೇಲಿಟ್ಟು 'ಬರಡು, ಹುಲ್ಲಿಲ್ಲ' ಎಂದು ಬರೆದಳು. 'ಸ್ಥಳ ನೋಡಿದೆ' ಎಂಬ ಸಾಲಿನ ಎದುರು ಸಹಿ ಹಾಕಿದಳು. ನೋಡಿದ್ದೇನೋ ನಿಜ, ದೂರದಿಂದ. ಮನೆಗೆ ಬಂದಾಗ ಮಗಳು ಅಜ್ಜಿಯ ಕನ್ನಡಕ ಹಾಕಿಕೊಂಡು ಪತ್ರಿಕೆ ತಿರುವುತ್ತಿದ್ದಳು.

ಆ ಸಹಿಯನ್ನು ಅವಳು ಮರೆತೇಬಿಡುತ್ತಿದ್ದಳೋ ಏನೋ, ಒಂಬತ್ತು ದಿನಗಳ ಹಿಂದೆ ಕುರಿಗಾರರ ಸಂಘದ ಸಭೆ ನಡೆಯದಿದ್ದರೆ.

ಸಂಘದ ಕಟ್ಟಡವೆಂದರೆ ಉಣ್ಣೆಯ ಮೂಟೆಗಳ ನಡುವೆ ನಾಲ್ಕು ಬೆಂಚು. ಅಲ್ಲಿಗೂ ನಕ್ಷೆ ಹಾಸಿದಳು. ಎಲ್ಲರೂ ತಮ್ಮ ಮನೆ ಹುಡುಕುತ್ತಿರುವಾಗ ಒಬ್ಬ ಹೆಂಗಸು ಮಾತ್ರ ನಿಂತೇ ಇದ್ದರು. ಐವತ್ತೈದರ ಆಸುಪಾಸು, ಸೊಂಟದಲ್ಲಿ ಮೂರು ಕೀಲಿಗಳ ಗೊಂಚಲು. ಎಲ್ಲರೂ ಅವರನ್ನು ಬೀಗದಕ್ಕ ಎನ್ನುತ್ತಿದ್ದರು. ಹುಲ್ಲುಗಾವಲನ್ನು ಸಂಘದವರು ಮೂರು ಪಾಲು ಮಾಡಿಕೊಂಡಿದ್ದರು. ಒಂದರಲ್ಲಿ ಕುರಿ ಮೇಯುತ್ತವೆ, ಒಂದರಲ್ಲಿ ಹುಲ್ಲು ಎದೆಯೆತ್ತರ ಬೆಳೆಯುತ್ತದೆ, ಬೆಳೆದು ನಿಂತಿದ್ದ ಇನ್ನೊಂದನ್ನು ಕುಡುಗೋಲಿನಿಂದ ಕೊಯ್ದು, ಚಿಗುರು ಬಲಿಯುವವರೆಗೆ ಬೀಗ ಹಾಕುತ್ತಾರೆ. ಮರುವರ್ಷ ಸರದಿ ಬದಲು. ಬೀಗವೆಂದರೆ ಯಾರು ಬೇಕಾದರೂ ದಾಟಬಹುದಾದ ತಂತಿಯ ಗೇಟಿಗೆ ಜೋತುಬಿದ್ದ ಒಂದು ಅಂಗೈ ಅಗಲದ ತುಕ್ಕು ತುಂಡು. ಆದರೆ ಬೀಗ ಇದ್ದ ಕಡೆ ಬೀಗದಕ್ಕನಿಂದ ಕೀಲಿ ಇಸಿದುಕೊಳ್ಳದೆ ಒಬ್ಬರೂ ಕಾಲಿಟ್ಟವರಿಲ್ಲ, ಅವರ ಸ್ವಂತ ಅಳಿಯನೂ ಕೂಡ.

ಬೀಗದಕ್ಕ ಕೇಳಿದ್ದು ಒಂದೇ ಪ್ರಶ್ನೆ, ಈ ಫೋಟೋ ಯಾವ ತಿಂಗಳದ್ದು. ಅವಳು ಹೆಮ್ಮೆಯಿಂದಲೇ ಹೇಳಿದಳು, ಎರಡೂ ವರ್ಷ ಅದೇ ತಿಂಗಳು, ಅದೇ ವಾರ, ಹೋಲಿಸಲು ತಪ್ಪಾಗಬಾರದು ನೋಡಿ. ಬೀಗದಕ್ಕ ತಲೆಯಾಡಿಸಿ, ಹೋದ ವರ್ಷ ಆ ವಾರ ಬಲತುದಿಯ ಈ ಕಂದು ಪಾಲಿನಲ್ಲಿ ಹುಲ್ಲು ತಮ್ಮ ಎದೆಯವರೆಗೆ ಇತ್ತು, ಈ ವರ್ಷ ಆ ವಾರಕ್ಕೆ ಕೊಯ್ಲು ಮುಗಿದಿತ್ತು ಎಂದರು. ತಾವು ಅದನ್ನು ತೋಪಿನ ಸಾಹೇಬರಿಗೂ ಹೇಳಲು ಹೋಗಿದ್ದಾಗಿ, ಅವರು ನಕ್ಷೆ ಮೇಡಂ ಸ್ಥಳ ನೋಡಿ ಸಹಿ ಮಾಡಿದ ಹಾಳೆಯನ್ನೇ ಮುಂದಿಟ್ಟು, ನಿಮ್ಮ ಕುರಿಗೆ ಇನ್ನೆರಡು ಪಾಲು ಇದ್ಯಲ್ಲಮ್ಮ ಎಂದು ಕಳಿಸಿದ್ದಾಗಿ ಹೇಳಿದರು. ಆಮೇಲೆ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ಅವಳ ಕೈಗಿಟ್ಟರು.

"ನೀವು ಒಂದ್ಸಲ ನೋಡಿದೀರಂತಲ್ಲ," ಎಂದರು. "ಇನ್ನೊಂದ್ಸಲ ನೋಡ್ಕೊಂಡು ಬನ್ನಿ. ಈ ಸಲ ಕೀಲಿ ಇರುತ್ತೆ."

ಅಷ್ಟೇ. ಬೇರೇನೂ ಅನ್ನಲಿಲ್ಲ. ಆದರೆ ಆ ದಿನ ಗೇಟು ತೆರೆಯಲು ಯಾರೂ ಬಂದಿರಲಿಲ್ಲವೆಂದು ಬಲ್ಲ ಒಬ್ಬರು ಭೂಮಿಯ ಮೇಲೆ ಇದ್ದಾರೆ ಎಂದು ಅವಳಿಗೆ ಆ ಕ್ಷಣ ತಿಳಿಯಿತು. ಕಿವಿಯವರೆಗೂ ಬಿಸಿಯೇರಿತು.

ಆಮೇಲಿನ ಒಂಬತ್ತು ದಿನ ಕೀಲಿ ಅವಳ ಚೀಲದಲ್ಲೇ ಇತ್ತು. ಮಗಳು ಒಮ್ಮೆ ಅದನ್ನು ಬಾಯಿಗಿಟ್ಟುಕೊಂಡಾಗ, ತುಕ್ಕು ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಅವಳು ಮೂರು ಕಡೆ ಬರೆದಿಟ್ಟ ನಂಬರಿಗೆ ಫೋನು ಮಾಡಿಬಿಟ್ಟಳು. ಆ ಫೋನು ಮಾಡಲು ಬಂದ ಧೈರ್ಯ ತೋಪಿನ ಸಾಹೇಬರಿಗೆ ಮಾಡಲು ಬರಲಿಲ್ಲ. ಎರಡು ಸಲ ನಂಬರು ಒತ್ತಿ, ರಿಂಗಾಗುವ ಮುಂಚೆ ಕತ್ತರಿಸಿದಳು. ಮೂರನೇ ಸಲ ಒಂದು ರಿಂಗ್ ಆಗೇಬಿಟ್ಟಿತು. ಅವರೇ ತಿರುಗಿ ಮಾಡಿದಾಗ ಬೇರೇನೂ ತೋಚದೆ, ಸಸಿಗಳೆಲ್ಲ ಆರೋಗ್ಯವಾಗಿವೆಯಾ ಸಾರ್ ಎಂದು ಕೇಳಿದಳು. ನಿಮ್ಮ ದಯದಿಂದ ಚೆನ್ನಾಗಿವೆ, ನಿಮ್ಮನ್ನು ಕೇಳಿದವು ಎಂದು ಸಾಹೇಬರು ನಕ್ಕರು.

ಹೇಳಿದರೆ ಆಗುವುದೇನು ಎಂದು ಅವಳಿಗೆ ಗೊತ್ತಿತ್ತು. ಕೆಲಸ ಹೋಗಬಹುದು. ಅದಕ್ಕಿಂತ ದೊಡ್ಡ ಭಯ ಬೇರೆ. ಒಂದು ವರ್ಷ ಮಂಡಿಯೂರಿ ಕೂರಿಸಿ ನಂಬಿಸಿದ ಜನ, ಒಂದು ಚುಕ್ಕೆ ಸುಳ್ಳಾದರೆ ಅರವತ್ತೆರಡೂ ಸುಳ್ಳು ಎಂದು ನಕ್ಷೆ ಸುತ್ತಿ ಕಪಾಟಿಗೆ ತುರುಕುತ್ತಾರೆ. ಹೇಳದಿದ್ದರೆ ಸೋಮವಾರ ಯಂತ್ರ ಬರುತ್ತದೆ.

ಈಗ ಶನಿವಾರ. ಹಾಲು ಉಕ್ಕಿದ ಒಲೆ ಒರೆಸಿ ಮುಗಿಸಿ, ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಅಂಗಡಿಗೆ ಹೊರಟು, ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದ. ಪೂರ್ತಿ ಕೇಳಿ, ಮನಸ್ಸಿನಲ್ಲೇ ಮದ್ದು ಹುಡುಕುವವನ ಹಾಗೆ ಕೈಯಲ್ಲಿದ್ದ ಬೂಟನ್ನು ತಿರುಗಿಸಿ ನೋಡಿದ.

"ಚಿತ್ರದ ತಪ್ಪು ಅಂದುಬಿಡು," ಎಂದ. "ಮೋಡ ಅಡ್ಡ ಬಂದಿತ್ತು ಅನ್ನು. ಉಪಗ್ರಹ ಏನು ಇಳಿದು ಬಂದು ಜಗಳ ಆಡುತ್ತಾ?"

ಅದು ಎಷ್ಟು ಸಲೀಸಾಗಿ ಕಂಡಿತೆಂದರೆ ಅವಳಿಗೆ ಎದೆಯ ಮೇಲಿನ ಕಲ್ಲು ಅರ್ಧ ಇಳಿದ ಹಾಗಾಯಿತು. ಆದರೂ ಏನನ್ನಾದರೂ ಹೇಳುವ ಮುಂಚೆ ಆ ಜಾಗಕ್ಕೆ ಹೋಗಲೇಬೇಕು ಎಂದಳು. ಇವತ್ತೇ. ಗಂಡನಿಗೆ ರಜೆ ಇಲ್ಲ, ಅತ್ತೆಗೆ ಹನ್ನೊಂದಕ್ಕೆ ಕಣ್ಣಿನ ಆಸ್ಪತ್ರೆ, ಕಚೇರಿಗೆ ರಜೆಯಾದ್ದರಿಂದ ಜೀಪೂ ಇಲ್ಲ. ಹಾಗಾದ್ರೆ ಪುಟ್ಟಿ ಎಂದು ಅತ್ತೆ ಶುರು ಮಾಡುವುದರೊಳಗೆ, ಅವಳನ್ನೂ ಕರ್ಕೊಂಡು ಹೋಗ್ತೀನಿ ಎಂದುಬಿಟ್ಟಳು. ಬಿಸಿಲು, ಹಾವು, ಬಸ್ಸಿನ ಕಿಟಕಿ, ಕುರಿಯ ಜ್ವರ, ಎಲ್ಲವೂ ಸಾಲಾಗಿ ತಲೆಯಲ್ಲಿ ಬಂದು ನಿಂತವು. ಒಂದೊಂದಕ್ಕೂ ಒಂದೊಂದು ವಸ್ತುವನ್ನು ಚೀಲಕ್ಕೆ ತುಂಬಿದಳು. ಎರಡು ಟೋಪಿ, ಮೂರು ಬಾಟಲಿ ನೀರು, ಎರಡೂ ಥರ್ಮಾಮೀಟರು. ಕೊನೆಗೆ ಅಳತೆಯ ಸಾಮಾನು, ಮಡಿಸಿದರೆ ನಾಲ್ಕು ಕೊಳವೆಗಳಾಗುವ, ಬಿಡಿಸಿದರೆ ಒಂದು ಮೀಟರ್ ಚೌಕಟ್ಟಾಗುವ ಪ್ಲಾಸ್ಟಿಕ್ ಪೈಪು, ಕೈಸಲಿಕೆ, ಹೊಸ ಹಾಳೆ. ಅತ್ತೆ ಬಾಗಿಲಿನವರೆಗೆ ಬಂದು, ಮನೆ ಇಲ್ಲೇ ಇರುತ್ತಮ್ಮ, ಅದನ್ನೊಂದು ಬಿಟ್ಟು ಹೋಗು ಎಂದರು.

ಬಸ್ಸು ಮೋರಿಯ ಹತ್ತಿರ ಇಳಿಸಿ ಹೋಯಿತು. ಅವಳು ಅವತ್ತು ನಿಂತಿದ್ದ ಜಾಗದಲ್ಲೇ ನಿಂತು ನೋಡಿದಳು. ಅದೇ ಬಯಲು, ಅದೇ ಕಂದು. ಒಂದು ಕ್ಷಣ ತಾನು ಬರೆದದ್ದೇ ಸರಿಯಿತ್ತೇನೋ ಎಂಬ ಆಸೆ ಹುಟ್ಟಿತು. ಹುಟ್ಟಿದ್ದಕ್ಕೆ ನಾಚಿಕೆಯಾಯಿತು. ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಇಳಿಜಾರು ಇಳಿದಳು.

ಒಂದೂವರೆ ಕಿಲೋಮೀಟರು ಅಂದರೆ ನಕ್ಷೆಯ ಮೇಲೆ ಅರ್ಧ ಬೆರಳು. ಎರಡೂವರೆ ವರ್ಷದ ಮಗುವನ್ನು ಹೊತ್ತವಳಿಗೆ ಅದು ಮೂರು ಸಲ ಸೊಂಟ ಬದಲಿಸುವಷ್ಟು, ಎರಡು ಸಲ ಹಾಡು ಹೇಳುವಷ್ಟು, ಒಂದು ಸಲ ಕಳಚಿಬಿದ್ದ ಚಪ್ಪಲಿ ಹುಡುಕಿ ತರುವಷ್ಟು ದೂರ. ಗೇಟಿನ ಬೀಗ ತೆರೆಯಲು ಅವಳು ಕೀಲಿಯನ್ನು ಎರಡು ಕೈಯಿಂದಲೂ ತಿರುಗಿಸಬೇಕಾಯಿತು. ತಂತಿಯನ್ನು ಕಾಲೆತ್ತಿ ದಾಟುವುದು ಅದಕ್ಕಿಂತ ಸುಲಭವಿತ್ತು. ದಾಟಲಿಲ್ಲ.

ಒಳಗೆ ಹತ್ತು ಹೆಜ್ಜೆ ಇಟ್ಟ ಮೇಲೆ ಪಾದಕ್ಕೇ ವಿಷಯ ತಿಳಿಯಿತು. ಬರಡು ನೆಲ ಗಟ್ಟಿಯಾಗಿ ಎದುರು ನಿಲ್ಲುತ್ತದೆ, ಅದನ್ನು ಅವಳು ಬೇರೆ ಹಲವು ಚುಕ್ಕೆಗಳಲ್ಲಿ ಮೆಟ್ಟಿ ಬಲ್ಲಳು. ಇಲ್ಲಿ ನೆಲ ಬಗ್ಗುತ್ತಿತ್ತು. ಮಗಳನ್ನು ಇಳಿಸಿ, ಚೌಕಟ್ಟು ಬಿಡಿಸಿ ಹಾಕಿ, ಮಂಡಿಯೂರಿದಳು. ಒತ್ತೊತ್ತಾಗಿ ಹುಲ್ಲಿನ ಬುಡಗಳು, ನಾಲ್ಕು ಬೆರಳೆತ್ತರಕ್ಕೆ ಒಂದೇ ಸಮ, ಬಾಚಿದ ಹಾಗೆ. ತುದಿಗಳು ನೇರವಾಗಿ ಕತ್ತರಿಸಿದ್ದವು. ಕುರಿ ಕಿತ್ತು ತಿಂದಿದ್ದರೆ ತುದಿ ಹರಿದಿರುತ್ತದೆ, ಬಿಸಿಲಿಗೆ ಸತ್ತಿದ್ದರೆ ಮುರಿಯುತ್ತದೆ. ಇದು ಕುಡುಗೋಲಿನ ಕೆಲಸ. ಒಂದು ಬುಡವನ್ನು ಬೆರಳಿನಿಂದ ಬಿಡಿಸಿದಳು. ಒಣಗಿದ ಸಿಪ್ಪೆಯೊಳಗೆ ಎಳೆ ಹಸಿರು, ಅಕ್ಕಿ ಕಾಳಿನಷ್ಟು. ಮೋರಿಯ ಮೇಲಿನಿಂದ ಅದು ಕಾಣುವಂತೆಯೇ ಇರಲಿಲ್ಲ. ಆಕಾಶದಿಂದ ಇನ್ನೆಲ್ಲಿ.

ಸಲಿಕೆಯಿಂದ ಅಗೆದಳು. ಒಂದು ಗೇಣು ಆಳದಲ್ಲೂ ಬೇರು, ಇನ್ನೊಂದು ಗೇಣು ಹೋದರೂ ಬೇರು. ಮಣ್ಣು ಕಪ್ಪಗೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ತೇವ. ಒಂದು ಕಡೆ ನೋಡಿ ನಂಬುವವಳಲ್ಲ ಅವಳು. ಹತ್ತು ಕಡೆ ಚೌಕಟ್ಟು ಹಾಕಿದಳು, ಹತ್ತು ಕಡೆ ಎಣಿಸಿದಳು, ಹತ್ತು ಕಡೆ ಫೋಟೋ ತೆಗೆದಳು. ಪ್ರತಿ ಸಲವೂ ಮಗಳು ಚೌಕಟ್ಟಿನೊಳಗೆ ಬಂದು ಕೂತು ಇದು ನನ್ನ ಮನೆ ಎನ್ನುತ್ತಿದ್ದಳು. ಎಬ್ಬಿಸಲು ಪ್ರತಿ ಸಲವೂ ಒಂದು ಬಿಸ್ಕತ್ತು ಬೇಕಾಯಿತು. ಎಂಟನೇ ಮನೆಯ ಹೊತ್ತಿಗೆ ಬೀಗದಕ್ಕ ಅಲ್ಲಿದ್ದರು. ಗೇಟು ತೆರೆದದ್ದನ್ನು ದೂರದಿಂದ ಕಂಡು ಬಂದಿದ್ದರು. ಯಾಕೆ ಬಂದಿರಿ, ಇಷ್ಟು ದಿನ ಏನು ಮಾಡಿದಿರಿ ಎಂದೇನೂ ಕೇಳದೆ ಮಗುವನ್ನು ಎತ್ತಿಕೊಂಡು, ತಮ್ಮ ತಲೆಯ ಬಟ್ಟೆ ಬಿಚ್ಚಿ ಅದರ ತಲೆಗೆ ಸುತ್ತಿದರು. ಅಲ್ಲಿಗೆ ಎರಡು ಟೋಪಿಯ ಮೇಲೆ ಮೂರನೆಯದಾಯಿತು.

ಎಣಿಕೆ ಮುಗಿಸಿ ಅವಳು ಎದ್ದಾಗ ಮಂಡಿಯ ಮೇಲೆ ಮಣ್ಣು ಅಂಟಿತ್ತು. ಅವಳೇ ಮೊದಲು ಬಾಯಿಬಿಟ್ಟಳು. ಅವತ್ತು ತಾನು ಒಳಗೆ ಬರಲಿಲ್ಲ, ರಸ್ತೆಯಿಂದ ನೋಡಿ ಬರೆದೆ ಎಂದಳು. ಮಗುವಿಗೆ ಜ್ವರವಿತ್ತು ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಗೊತ್ತು," ಎಂದರು ಬೀಗದಕ್ಕ. "ನಿಮ್ಮ ಮಗಳಿಗೆ ಕೂದಲು ಕತ್ತರಿಸಿದ ಮಾರನೇ ದಿನ ಫೋಟೋ ತೆಗೆದು, ಈ ಮಗುಗೆ ಕೂದಲೇ ಹುಟ್ಟಲ್ಲ ಅಂತ ಬರೆದಂಗಾಯ್ತು. ಆದ್ರೆ ನಾವೂ ಸುಮ್ನಿದ್ವಿ ಬಿಡಿ. ಸರದಿ ಯಾವಾಗ ಯಾವ ಪಾಲಿಗೆ ಅಂತ ನಿಮಗೆ ಬರ್ಕೊಟ್ಟಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ. ಕೇಳ್ದೆ ಯಾರಿಗೆ ಹೇಳೋದು ಅಂತ ಬಿಗುಮಾನ."

ಈ ಪಾಲು ಹೋದರೆ ಏನಾಗುತ್ತದೆ ಎಂದು ಅವಳು ಕೇಳಿದಳು. ಬೀಗದಕ್ಕ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಹೇಳಿದರು. ಎರಡೇ ಪಾಲು ಉಳಿದರೆ ಹುಲ್ಲಿಗೆ ಉಸಿರಾಡಲು ಸಮಯವಿಲ್ಲ. ಮೊದಲ ವರ್ಷ ತೆಳುವಾಗುತ್ತದೆ, ಎರಡನೇ ವರ್ಷ ನೆಲ ಕಾಣುತ್ತದೆ, ಮೂರನೇ ವರ್ಷ ಮಳೆ ಬಂದರೆ ಮಣ್ಣು ಅಣೆಕಟ್ಟಿಗೆ. "ಆವಾಗ ನಿಮ್ಮ ಫೋಟೋ ಸರಿಯಾಗಿರುತ್ತೆ," ಎಂದು ಸೇರಿಸಿದರು, ಕೊಂಕಿಲ್ಲದೆ.

ಹಿಂತಿರುಗಿ ಮೋರಿಗೆ ಹತ್ತುವಾಗ ಮಗಳು ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಫೋನಿಗೆ ಸಿಗ್ನಲ್ ಸಿಗುವುದು ಆ ಮೋರಿಯ ಕಟ್ಟೆಯ ಮೇಲೆ ಮಾತ್ರ ಎಂದು ಬೀಗದಕ್ಕ ಹೇಳಿದ್ದರು. ಹತ್ತುತ್ತಲೇ ಅವಳು ಮಾತುಗಳನ್ನು ಹೊಂದಿಸಿದಳು. ಮೋಡ ಅಡ್ಡ ಬಂದಿತ್ತು ಸಾರ್. ಚಿತ್ರದಲ್ಲಿ ಸ್ವಲ್ಪ ದೋಷ ಕಂಡುಬಂದಿದೆ ಸಾರ್. ಗಂಡನ ಮಾತು ಬಾಯಿಗೆ ಚೆನ್ನಾಗಿಯೇ ಹೊಂದುತ್ತಿತ್ತು.

ಅರ್ಧ ದಾರಿಯಲ್ಲಿ ಅವಳು ನಿಂತಳು. ಉಸಿರಿಗಾಗಿ ನಿಂತದ್ದು, ಆದರೆ ನಿಂತಾಗ ಒಂದು ವಿಷಯ ಹೊಳೆಯಿತು. ಆ ಚಿತ್ರ ಈ ಒಂದು ಬಯಲಿನದ್ದಲ್ಲ, ಇಡೀ ಕೊಳ್ಳದ್ದು. ಚಿತ್ರ ಕೆಟ್ಟಿದೆ ಎಂದರೆ ಅಣೆಕಟ್ಟಿನವರ ಹೂಳು ಕೆಟ್ಟಿತು, ಕಾಡಿನವರ ಗಡಿ ಕೆಟ್ಟಿತು, ತೋಟದವರ ಬಾವಿ ಕೆಟ್ಟಿತು. ಅವಳೇ ಕೈಯಾರ ನಕ್ಷೆಯನ್ನು ಸುತ್ತಿ ಕಪಾಟಿಗೆ ಇಟ್ಟ ಹಾಗೆ. ಚಿತ್ರ ಸುಳ್ಳೇ ಹೇಳಿರಲಿಲ್ಲ. ಕೊಯ್ದ ಹುಲ್ಲನ್ನು ಕೊಯ್ದ ಹುಲ್ಲಿನ ಹಾಗೆಯೇ ತೋರಿಸಿತ್ತು. ಅದು ತಿಳಿಯದ್ದನ್ನು ತಿಳಿದು ಬಾ ಎಂದೇ ಅವಳನ್ನು ಕಳಿಸಿದ್ದು, ಅವಳು ಹೋಗಿರಲಿಲ್ಲ. ತಪ್ಪು ತನ್ನದೆಂದರೆ ಮಾತ್ರ ತಪ್ಪು ಒಂದು ಚುಕ್ಕೆಯದಾಗಿ ಉಳಿಯುತ್ತದೆ, ಅರವತ್ತೊಂದು ಬದುಕುತ್ತವೆ. ಇಷ್ಟು ದಿನ ಎರಡನ್ನೂ ಒಂದೇ ಭಯ ಎಂದುಕೊಂಡಿದ್ದಳು, ತನ್ನ ಮಾನ ಹೋಗುವುದು ಮತ್ತು ನಕ್ಷೆಯ ಮಾನ ಹೋಗುವುದು. ಅವೆರಡೂ ಬೇರೆ ಬೇರೆ. ಒಂದನ್ನು ಉಳಿಸಬೇಕೆಂದರೆ ಇನ್ನೊಂದನ್ನು ಕೊಡಬೇಕು.

ಕೊಡುವುದು ಯಾವುದನ್ನು ಎಂದು ಯೋಚಿಸಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಲೆಯ ಗುಬುಟಿಗಾಗಿ ಮೂರು ಮಹಡಿ ಹತ್ತುವವಳಿಗೆ ಅರ್ಧ ಗುಡ್ಡ ಏನು ಮಹಾ. ಉಳಿದದ್ದನ್ನು ಒಂದೇ ಉಸಿರಿಗೆ ಹತ್ತಿ, ಮೋರಿಯ ಕಟ್ಟೆಯ ಮೇಲೆ ಕೂತು, ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಹಣೆ ಮುಟ್ಟಿ ನೋಡಿ, ಇನ್ನೊಮ್ಮೆ ಮುಟ್ಟಿ ನೋಡಿ, ಚೀಲದಿಂದ ದೊಡ್ಡ ನಕ್ಷೆಯ ಮಡಿಸಿದ ಪ್ರತಿಯನ್ನು ತೆಗೆದು ಬಿಡಿಸಿದಳು. ಕಂದು ಬಣ್ಣ ಇನ್ನೆಲ್ಲಿದೆ ಎಂದು ಬೆರಳಿಟ್ಟು ಹುಡುಕಿದಳು. ಮೂವತ್ತೆಂಟನೇ ಚುಕ್ಕೆ. ಹಳ್ಳದ ಆ ದಡದ ದಿಣ್ಣೆ. ಅಲ್ಲಿ ಅವಳು ಅರ್ಧ ದಿನ ಕೊರಕಲುಗಳಲ್ಲಿ ಇಳಿದು ಹತ್ತಿ, ಪಾದ ಉಳುಕಿಸಿಕೊಂಡು ಬಂದಿದ್ದಳು. ಅಲ್ಲಿ ಬೇರಿರಲಿಲ್ಲ, ಬೀಗವೂ ಇರಲಿಲ್ಲ.

ನಂಬರು ಒತ್ತಿದಳು. ಈ ಸಲ ಬೆರಳು ಕೆಂಪು ಗುಂಡಿಯ ಹತ್ತಿರ ಹೋಗದಂತೆ ಆ ಕೈಯಲ್ಲಿ ಮಗಳ ಕಾಲು ಹಿಡಿದುಕೊಂಡಳು. ನಾಲ್ಕನೇ ರಿಂಗಿಗೆ ಸಾಹೇಬರ ದನಿ ಬಂತು.

"ಏನ್ರೀ ನಕ್ಷೆ ಮೇಡಂ, ಮತ್ತೆ ಸಸಿಗಳ ಆರೋಗ್ಯ ವಿಚಾರಿಸೋಕಾ?"

"ಇಲ್ಲ ಸಾರ್," ಎಂದಳು. "ನೀವು ಸೋಮವಾರ ಗುಂಡಿ ತೋಡೋ ಜಾಗಕ್ಕೆ, ನಲವತ್ತೊಂದನೇ ಚುಕ್ಕೆಗೆ, ನಾನು ಹೋಗಿರ್ಲಿಲ್ಲ. ರಸ್ತೆ ಮೇಲೆ ನಿಂತು ಬರಡು ಅಂತ ಬರೆದು ಸಹಿ ಹಾಕಿದ್ದೆ. ಚಿತ್ರದ ತಪ್ಪಲ್ಲ ಸಾರ್, ನನ್ನ ತಪ್ಪು. ಇವತ್ತು ಹೋಗಿ ಹತ್ತು ಕಡೆ ಅಗೆದು ನೋಡಿದೆ. ಅದು ಬರಡಲ್ಲ, ಕೊಯ್ದ ಹುಲ್ಲು. ಬುಡ ಬದುಕಿದೆ."

ಆ ಕಡೆ ಕುರ್ಚಿಯೊಂದು ಕಿರುಗುಟ್ಟಿದ್ದು ಕೇಳಿಸಿತು.

"ಯಂತ್ರ ಹೇಳಿ ಆಗಿದೆಯಲ್ರೀ," ಎಂದರು ಸಾಹೇಬರು. ದನಿಯಲ್ಲಿ ನಗು ಇರಲಿಲ್ಲ. "ನಲವತ್ತು ಸಾವಿರ ಸಸಿ ಏನು ನನ್ನ ತಲೆ ಮೇಲೆ ನೆಡ್ಲಾ?"

"ಯಂತ್ರ ಬರ್ಲಿ ಸಾರ್. ಹಳ್ಳದ ಆ ಕಡೆ ದಿಣ್ಣೆಗೆ ಬರ್ಲಿ, ಮೂವತ್ತೆಂಟನೇ ಚುಕ್ಕೆ. ಕೊರಕಲು ಬಿದ್ದು ಮಣ್ಣೆಲ್ಲ ಹೋಗ್ತಿದೆ, ಗಿಡ ಬೇಕಾಗಿರೋದು ಅಲ್ಲಿ. ಅಲ್ಲಿಗೆ ನಾನು ನಡೆದು ಹೋಗಿದ್ದೆ."

"ಅದನ್ನ ನಾನು ಹೆಂಗ್ರೀ ನಂಬ್ಲಿ ಈಗ?"

ಅವಳು ಹೆದರುತ್ತಿದ್ದ ಪ್ರಶ್ನೆ ಅದೇ. ಒಂಬತ್ತು ದಿನ ಕಾದು ಕಾದು ಕೊನೆಗೂ ಎದುರಿಗೆ ಬಂದಾಗ ಅದು ಅಂಥ ದೊಡ್ಡದೇನೂ ಅನಿಸಲಿಲ್ಲ.

"ನಂಬಬೇಡಿ ಸಾರ್, ಬನ್ನಿ," ಎಂದಳು. "ನಾಳೆ ಬೆಳಿಗ್ಗೆ ಬನ್ನಿ, ಎರಡೂ ಕಡೆ ಒಟ್ಟಿಗೆ ನಡೆದು ನೋಡೋಣ. ನಾನು ಮೋರಿ ಹತ್ರ ನಿಂತಿರ್ತೀನಿ. ಹುಲ್ಲುಗಾವಲಿನ ಕೀಲಿ ನನ್ನ ಹತ್ರಾನೇ ಇದೆ."